ತಳಿಯ ಲೆಕ್ಕ ಇಡದವರು ಉತ್ತರ ಕೊಡಲಿ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸಣ್ಣ ರೈತರು ಸೀಮೆ ಹಸು ಕಟ್ಟಿದ್ದು ಸರಿ. ಆ ಹಸುವನ್ನು ಕಟ್ಟಿಸಿದವರು ಆಮೇಲೆ ನಡೆದುಕೊಂಡ ರೀತಿ ತಪ್ಪು. ಈ ಎರಡು ಮಾತನ್ನು ಬೇರೆ ಬೇರೆಯಾಗಿ, ಗಟ್ಟಿಯಾಗಿ ಹೇಳಲೇಬೇಕಾದ ಕಾಲ ಇದು. ಹೇಳದೆ ಹೋದರೆ ಹೈನುಗಾರಿಕೆಯ ಕಷ್ಟದ ಬಗ್ಗೆ ನಡೆಯುವ ಎಲ್ಲ ಚರ್ಚೆಯೂ ಕೊನೆಗೆ ರೈತರ ತಲೆಯ ಮೇಲೆ ಬಂದು ಕೂರುತ್ತದೆ. ಹೆಚ್ಚು ಹಾಲಿನ ಆಸೆಗೆ ಬಿದ್ದರು, ನಾಟಿ ಹಸುವನ್ನು ಕೈಬಿಟ್ಟರು, ಈಗ ಅನುಭವಿಸುತ್ತಿದ್ದಾರೆ ಎಂದು ಪಟ್ಟಣದ ವೇದಿಕೆಗಳಲ್ಲಿ ಮಾತಾಡುವವರು ಹೆಚ್ಚಾಗಿದ್ದಾರೆ. ಈ ಆರೋಪವನ್ನು ನಾವು ತಳ್ಳಿಹಾಕುತ್ತೇವೆ.

ರೈತರು ಹಸುವನ್ನು ಆರಿಸಿಕೊಂಡದ್ದು ಏಕೆಂದು ನೋಡಿ. ಮಂಡ್ಯವೆಂದರೆ ಕಬ್ಬು, ಭತ್ತ, ವಿಶ್ವೇಶ್ವರಯ್ಯ ನಾಲೆ ಎಂದು ಹೊರಗಿನವರು ತಿಳಿದಿದ್ದಾರೆ. ಆ ನಾಲೆಯ ನೀರು ಜಿಲ್ಲೆಯ ಎಲ್ಲ ಹೊಲಕ್ಕೂ ಹತ್ತಿಲ್ಲ. ಮಳವಳ್ಳಿಯ ಕೊನೆ ಭಾಗದ ಊರುಗಳಿಗೆ ನೀರು ಬರುವುದು ತಡ, ನಿಲ್ಲುವುದು ಬೇಗ. ಜಿಲ್ಲೆಯ ಬಹುಪಾಲು ಹಿಡುವಳಿಗಳು ಎರಡೂವರೆ ಎಕರೆಗಿಂತ ಚಿಕ್ಕವು. ಕಬ್ಬು ನಾಟಿ ಮಾಡಿದರೆ ಕಡಿಯಲು ವರ್ಷ ಬೇಕು. ಕಡಿದ ಮೇಲೆ ಹಣ ಕೈಗೆ ಬರಲು ಇನ್ನೆಷ್ಟು ತಿಂಗಳೋ. 2015ರಲ್ಲಿ ಕಬ್ಬಿನ ಬಾಕಿ ಮತ್ತು ಸಾಲದ ನಡುವೆ ಸಿಕ್ಕಿ ಈ ಜಿಲ್ಲೆಯ ರೈತರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡದ್ದನ್ನು ರಾಜ್ಯ ಕಂಡಿದೆ. ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಅಂಥ ವರ್ಷಗಳಲ್ಲಿ ಮಕ್ಕಳ ಶಾಲೆ ಫೀಜು, ಅಂಗಡಿ ಸಾಲ, ಆಸ್ಪತ್ರೆ ಖರ್ಚು ಎಲ್ಲವನ್ನೂ ತೂಗಿಸಿದ್ದು ಡೇರಿಯ ಬಟವಾಡೆ. ವಾರಕ್ಕೋ ಹದಿನೈದು ದಿನಕ್ಕೋ ಕೈಗೆ ಸಿಗುವ ಆ ಹಣ ಬಹಳ ಮನೆಗಳಲ್ಲಿ ಹೆಂಗಸರ ಕೈಗೆ ಬರುತ್ತದೆ. ಬೆಳಗಿನ ಜಾವ ಎದ್ದು ಸಗಣಿ ಬಾಚುವವರೂ ಹಾಲು ಕರೆಯುವವರೂ ಹೆಚ್ಚಾಗಿ ಅವರೇ. ಭೂಮಿಯ ಪಹಣಿಯಲ್ಲಿ ಹೆಸರಿಲ್ಲದ ಹೆಣ್ಣುಮಗಳಿಗೂ ಹಾಲಿನ ಪಾಸ್‌ಬುಕ್ಕಿನಲ್ಲಿ ಹೆಸರು ಸಿಕ್ಕಿತು. ದಿನಕ್ಕೆ ಎರಡು ಮೂರು ಲೀಟರ್ ಕೊಡುವ ನಾಟಿ ಹಸುವಿನಿಂದ ಇದು ಆಗುತ್ತಿರಲಿಲ್ಲ. ಹತ್ತು ಹನ್ನೆರಡು ಲೀಟರ್ ಕೊಡುವ ಸೀಮೆ ಹಸುವಿನಿಂದ ಆಯಿತು. ಇದನ್ನು ಆಸೆಬುರುಕತನ ಎನ್ನುವವರು ಒಂದು ವರ್ಷ ಒಂದೂವರೆ ಎಕರೆಯಲ್ಲಿ ಸಂಸಾರ ಮಾಡಿ ನೋಡಲಿ.

ಈ ಹಸುವನ್ನು ರೈತರು ತಾವಾಗಿ ಹುಡುಕಿಕೊಂಡು ಹೋಗಿ ತಂದದ್ದೂ ಅಲ್ಲ. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಷಿಯನ್ (ಎಚ್‌ಎಫ್) ಹೋರಿಯ ವೀರ್ಯವನ್ನು ಕೊಟ್ಟು ಗಬ್ಬ ನಿಲ್ಲಿಸಿದರು. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲಾದದ್ದೇ ಅಲ್ಲಿ, ನಮ್ಮದೇ ಸೀಮೆಯ ಹಳ್ಳಿಕಾರ್ ಹಸುವಿನ ಮೇಲೆ. ಮುಂದೆ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಕೇಂದ್ರ ಬಂತು. 1970ರ ದಶಕದ ನಡುವಿನಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಹುಟ್ಟಿ, ಹಳೆ ಮೈಸೂರಿನ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಂಘಗಳು ಕಣ್ಣುಬಿಟ್ಟವು. ಆ ನಿಗಮವೇ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್) ಆಯಿತು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ, ಅಂದರೆ ಮನ್‌ಮುಲ್ ಡೇರಿ ನಿಂತಿತು. ಸಾಲ ಕೊಡುವ ಬ್ಯಾಂಕು, ಸಬ್ಸಿಡಿ ಕೊಡುವ ಇಲಾಖೆ, ಹಾಲು ಕೊಳ್ಳುವ ಒಕ್ಕೂಟ, ವೀರ್ಯ ಒದಗಿಸುವ ಕೇಂದ್ರ ಎಲ್ಲವೂ ಒಂದೇ ದಿಕ್ಕಿಗೆ ಕೈ ತೋರಿಸಿದವು. ರೈತರು ಆ ದಿಕ್ಕಿಗೆ ನಡೆದರು, ತಮ್ಮ ಪಾಲಿನ ಕೆಲಸವನ್ನು ಚಾಚೂ ತಪ್ಪದೆ ಮಾಡಿದರು. 2019ರ ಜಾನುವಾರು ಗಣತಿಯ ಹೊತ್ತಿಗೆ ದೇಶದಲ್ಲಿ ವಿದೇಶಿ ಮತ್ತು ಮಿಶ್ರತಳಿ ದನಗಳ ಸಂಖ್ಯೆ ಏಳು ವರ್ಷದಲ್ಲಿ ಶೇ 26.9ರಷ್ಟು ಏರಿತ್ತು. ದೇಶಿ ದನಗಳು ಶೇ 6ರಷ್ಟು ಇಳಿದಿದ್ದವು.

ದಾರಿ ತೋರಿಸಿದವರು ತಮ್ಮ ಪಾಲಿನ ಕೆಲಸ ಮಾಡಲಿಲ್ಲ. ಅವರ ಮೊದಲ ಲೋಪ, ಎಲ್ಲಕ್ಕಿಂತ ದೊಡ್ಡ ಲೋಪ, ತಳಿಯ ಲೆಕ್ಕ ಇಡದೆ ಹೋದದ್ದು.

ಲೆಕ್ಕ ಸರಳವಾಗಿದೆ. ನಾಟಿ ಹಸುವಿಗೆ ಎಚ್‌ಎಫ್ ಹೋರಿಯ ವೀರ್ಯ ಹಾಕಿಸಿದರೆ ಹುಟ್ಟುವ ಕರುವಿನಲ್ಲಿ ವಿದೇಶಿ ರಕ್ತ ಅರ್ಧ. ಆ ಮೊದಲ ಪೀಳಿಗೆಯ ಹಸು ಅಪ್ಪನ ಹಾಲನ್ನೂ ಅಮ್ಮನ ತಾಳಿಕೆಯನ್ನೂ ಹೊತ್ತು ಬರುತ್ತದೆ; ಬಿಸಿಲು ತಡೆಯುತ್ತದೆ, ಒಣಹುಲ್ಲಿನಲ್ಲೂ ಬದುಕುತ್ತದೆ, ಹೊತ್ತಿಗೆ ಸರಿಯಾಗಿ ಬೆದೆಗೆ ಬರುತ್ತದೆ. ಮಿಶ್ರತಳಿಯ ಮೇಲೆ ರೈತರಿಗೆ ನಂಬಿಕೆ ಕುದುರಿದ್ದು ಈ ಹಸುವನ್ನು ಕಂಡೇ. ಆ ಹಸುವಿಗೆ ಮತ್ತೆ ಶುದ್ಧ ಎಚ್‌ಎಫ್ ವೀರ್ಯವನ್ನೇ ಹಾಕಿದರೆ ಅದರ ಮಗಳಲ್ಲಿ ವಿದೇಶಿ ರಕ್ತ ಶೇ 75. ಅವಳಿಗೂ ಅದೇ ಹಾಕಿದರೆ ಮೊಮ್ಮಗಳಲ್ಲಿ ಶೇ 87.5. ಇನ್ನೊಂದು ಪೀಳಿಗೆ ದಾಟಿದರೆ ಮಳವಳ್ಳಿಯ ಕೊಟ್ಟಿಗೆಯಲ್ಲಿ ನಿಂತಿರುವುದು ಹೆಚ್ಚುಕಡಿಮೆ ಹಾಲೆಂಡಿನ ಹಸು. ನಮ್ಮ ಹವೆಯಲ್ಲಿ ವಿದೇಶಿ ರಕ್ತ ಶೇ 50ರಿಂದ 62.5ರ ಆಸುಪಾಸಿನಲ್ಲಿ ಇರಬೇಕೆಂಬುದು ಪಶುವಿಜ್ಞಾನಿಗಳು ದಶಕಗಳಿಂದ ಹೇಳಿಕೊಂಡು ಬಂದ ಮಾತು. ಅದನ್ನು ಮೀರಿದಷ್ಟೂ ಬಿಸಿಲಿನ ಬಾಧೆ, ಗಬ್ಬ ನಿಲ್ಲದಿರುವುದು, ಉಣ್ಣೆಯಿಂದ ಬರುವ ಜ್ವರ, ಕೆಚ್ಚಲು ಬಾವು ಹೆಚ್ಚುತ್ತವೆ. ಇದು ವಿಶ್ವವಿದ್ಯಾಲಯಕ್ಕೆ ಗೊತ್ತು, ಇಲಾಖೆಗೆ ಗೊತ್ತು, ಒಕ್ಕೂಟಕ್ಕೆ ಗೊತ್ತು. ಹಸುವಿನ ಯಜಮಾನನಿಗೆ ಮಾತ್ರ ಹೇಳಿದವರಿಲ್ಲ.

ಹಳ್ಳಿಯಲ್ಲಿ ಈಗ ನಡೆಯುವುದು ಇಷ್ಟು. ಹಸು ಬೆದೆಗೆ ಬಂತೆಂದು ಫೋನ್ ಮಾಡಿದರೆ ಬೈಕಿನಲ್ಲಿ ಒಬ್ಬರು ಬರುತ್ತಾರೆ. ದ್ರವಸಾರಜನಕದ ಜಾಡಿಯಲ್ಲಿ ಇರುವ ವೀರ್ಯನಳಿಕೆ ಹಾಕಿ ಹೋಗುತ್ತಾರೆ. ಈ ಹಸುವಿನ ಅಪ್ಪ ಯಾವುದು, ಅಜ್ಜ ಯಾವುದು, ಇದರಲ್ಲಿ ಈಗಾಗಲೇ ಎಷ್ಟು ಪಾಲು ವಿದೇಶಿ ರಕ್ತ ಇದೆ ಎಂದು ಕೇಳುವ ಪದ್ಧತಿ ಇಲ್ಲ. ರೈತರು ‘ಒಳ್ಳೆ ಎಚ್‌ಎಫ್ ಹಾಕಿ’ ಎನ್ನುತ್ತಾರೆ, ಅವರು ಹಾಕುತ್ತಾರೆ. ಮಿಶ್ರತಳಿ ಹೋರಿಯ ನಳಿಕೆಯೂ ಉಂಟು, ಶೇ 75 ದಾಟಿದ ಹಸುವಿಗೆ ಅದೇ ಸರಿ ಎಂದು ತಿಳಿಸಿ ಹೇಳುವುದು ರೈತರ ಕೆಲಸವಲ್ಲ, ನಳಿಕೆ ಒದಗಿಸುವವರ ಕೆಲಸ. ದೇಶದ ಪ್ರತಿ ದನದ ಕಿವಿಗೂ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಹೊಡೆಯಲು ಸರ್ಕಾರಕ್ಕೆ ಸಾಧ್ಯವಾಗಿದೆ. ಆ ಅಂಕಿಯ ಜೊತೆ ತಳಿಯ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಮನೆಯಾಕೆಯ ಕೈಗೆ ಕೊಡಲು ಸಾಧ್ಯವಿಲ್ಲ ಎಂದರೆ ಅದನ್ನು ಯಾರು ನಂಬಬೇಕು?

ಇದರ ಬೆಲೆ ತೆರುವವರು ಯಾರೆಂದರೆ ಎರಡು ಹಸುವಿನ ಮನೆಯವರು. ಗಬ್ಬ ನಿಲ್ಲದೆ ಹೋದ ಪ್ರತಿ ಸಲ ಇಪ್ಪತ್ತೊಂದು ದಿನ ಕೈಬಿಡುತ್ತದೆ. ಮೂರು ನಾಲ್ಕು ಸಲ ಹೀಗಾದರೆ ಹಸು ಹಾಲು ಬತ್ತಿಸಿದ ಮೇಲೆ ಮತ್ತೆ ಕರು ಹಾಕುವ ತನಕ ತಿಂಗಳುಗಟ್ಟಲೆ ಹಾಲಿಲ್ಲದೆ ತಿನ್ನುತ್ತದೆ. ಹನ್ನೆರಡು ಲೀಟರ್ ಕೊಡುವ ಹಸುವಿಗೆ ದಿನಕ್ಕೆ ಇಪ್ಪತ್ತೈದು ಮೂವತ್ತು ಕಿಲೋ ಹಸಿಮೇವು, ಒಣಹುಲ್ಲು, ಮೈ ಕಾಯಲು ಒಂದೂವರೆ ಎರಡು ಕಿಲೋ ಹಿಂಡಿ-ಬೂಸಾ, ಅದರ ಮೇಲೆ ಪ್ರತಿ ಎರಡೂವರೆ ಮೂರು ಲೀಟರಿಗೆ ಒಂದೊಂದು ಕಿಲೋ ಪಶು ಆಹಾರ ಬೇಕು. ಎಕರೆ ಒಂದೂವರೆಯಲ್ಲಿ ರಾಗಿಯನ್ನೂ ಭತ್ತವನ್ನೂ ಬೆಳೆಯಬೇಕಾದವರು ಮೇವಿಗೆ ನೆಲ ಬಿಡುವುದೆಲ್ಲಿ? ನೀರು ಹರಿಯುವ ಊರಿನವರಿಗೆ ಕಬ್ಬಿನ ಸೋಗೆಯಾದರೂ ಸಿಗುತ್ತದೆ. ಖುಷ್ಕಿ ಊರಿನವರು ಹುಲ್ಲನ್ನೂ ದುಡ್ಡು ಕೊಟ್ಟು ತರುತ್ತಾರೆ. ಹೆಚ್ಚು ರಕ್ತದ ಹಸು ಹೆಚ್ಚು ಬೇಡುತ್ತದೆ. ಬೇಡಿದ್ದು ಸಿಗದಿದ್ದರೆ ಕಡಿಮೆ ರಕ್ತದ ಹಸುವಿಗಿಂತಲೂ ಬೇಗ ಸೊರಗುತ್ತದೆ. ದೊಡ್ಡ ಕೊಟ್ಟಿಗೆ, ಫ್ಯಾನು, ನೀರಿನ ತುಂತುರು, ಸಂಬಳದ ಆಳು ಇರುವ ಫಾರಂಗೆ ಶೇ 87ರ ಹಸು ಸಲ್ಲಬಹುದು. ಸಿಮೆಂಟ್ ಶೀಟಿನ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಏದುಸಿರು ಬಿಡುವ ಹಸುವಿನ ಯಜಮಾನನಿಗೆ ಅದು ಸಾಲ. 2013ರಲ್ಲಿ ಕಾಲುಬಾಯಿ ಜ್ವರ ದಕ್ಷಿಣ ಕರ್ನಾಟಕವನ್ನು ಹೊಕ್ಕು ಸಾವಿರಾರು ದನಗಳನ್ನು ಕೊಂದಾಗ, 2022ರಲ್ಲಿ ಚರ್ಮಗಂಟು ರೋಗ ಬಂದಾಗ, ಒಂದೇ ರಾತ್ರಿಯಲ್ಲಿ ಮನೆಯ ಬಂಡವಾಳವೆಲ್ಲ ಮಣ್ಣಾದವರು ಇಂಥವರೇ.

ತಳಿಯ ಲೆಕ್ಕ ಇಡುವುದು ಹಳ್ಳಿಯವರಿಗೆ ಆಗದ ಕೆಲಸ ಎಂದು ಯಾವ ಅಧಿಕಾರಿಯೂ ಹೇಳಕೂಡದು. ಬಂಡೂರು ಇರುವುದು ಇದೇ ಮಳವಳ್ಳಿ ತಾಲ್ಲೂಕಿನಲ್ಲಿ. ಗಿಡ್ಡ ಕಾಲಿನ, ಅಗಲ ಬೆನ್ನಿನ, ಹಿಂದಿನಿಂದ ನೋಡಿದರೆ ಕಮಾನಿನಂತೆ ಕಾಣುವ ಬಂಡೂರು ಕುರಿಯನ್ನು ಮಾಂಸಕ್ಕಾಗಿ ಇಡೀ ರಾಜ್ಯ ಬಲ್ಲದು. ಸರ್ಕಾರಿ ಪಟ್ಟಿಯಲ್ಲಿ ಅದಕ್ಕೆ ಮಂಡ್ಯ ಕುರಿ ಎಂದು ಹೆಸರು. ಯಾವ ಟಗರನ್ನು ಮಂದೆಗೆ ಬಿಡಬೇಕು, ಯಾವುದನ್ನು ಸಂತೆಗೆ ಹೊಡೆಯಬೇಕು, ಯಾವ ಕುರಿಯ ಮರಿಯನ್ನು ಉಳಿಸಿಕೊಳ್ಳಬೇಕು ಎಂದು ಇಲ್ಲಿನ ಕುರಿಗಾಹಿಗಳು ತಲೆಮಾರುಗಳಿಂದ ಆರಿಸಿಕೊಂಡು ಬಂದದ್ದರಿಂದ ಆ ತಳಿ ನಿಂತಿತು. ಅವರಿಗೆ ಡಿಗ್ರಿ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಅಪ್ಪ ಯಾರು ಅಮ್ಮ ಯಾರು ಎಂಬ ನೆನಪಿತ್ತು. ಆ ನೆನಪು ತಪ್ಪಿದ ಕಡೆ ಏನಾಯಿತೆಂಬುದನ್ನೂ ಈ ಊರೇ ಕಂಡಿದೆ. ಬೆರಕೆ ಕುರಿಗಳು ಬಂಡೂರಿನ ಹೆಸರಿನಲ್ಲಿ ಮಾರಾಟವಾಗತೊಡಗಿದವು, ಶುದ್ಧ ಕುರಿ ಅಪರೂಪವಾಯಿತು, ಒಳ್ಳೆಯ ಟಗರಿನ ಬೆಲೆ ಲಕ್ಷ ರೂಪಾಯಿ ದಾಟಿತು. ಕೊನೆಗೆ ತಳಿ ಉಳಿಸಲು ಇದೇ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರ ಕುರಿ ಸಂವರ್ಧನಾ ಕೇಂದ್ರ ನಡೆಸಬೇಕಾಯಿತು. ಕುರಿಗೆ ಇಷ್ಟು ಮಾಡಬಹುದಾದರೆ ಲಕ್ಷಾಂತರ ಮನೆಗಳಿಗೆ ಅನ್ನ ಹಾಕುವ ಹಸುವಿಗೆ ಏಕೆ ಮಾಡಲಿಲ್ಲ?

ಎರಡನೆಯ ಲೋಪ ಗಂಡು ಕರುವಿನದು. ಅದರ ಬಗ್ಗೆ ಬಾಯಿ ಬಿಡಲು ಎಲ್ಲ ಪಕ್ಷದವರಿಗೂ ಹಿಂಜರಿಕೆ.

ಹಳ್ಳಿಕಾರ್ ಹಸು ಗಂಡು ಕರು ಹಾಕಿದರೆ ಮನೆಯಲ್ಲಿ ಸಂತೋಷ ಇತ್ತು. ಹಾಲು ಕಡಿಮೆಯಾದರೂ ಅವಳು ಎತ್ತಿನ ತಾಯಿ. ಮೈಸೂರು ಅರಸರ ಕಾಲದಿಂದ ಸೈನ್ಯದ ಗಾಡಿ ಎಳೆದ ವಂಶ ಅದು. ಹೇಮಗಿರಿ ಜಾತ್ರೆಯಲ್ಲೋ ಮುಡುಕುತೊರೆ ಜಾತ್ರೆಯಲ್ಲೋ ಒಂದು ಜೊತೆ ಹೋರಿ ಮಾರಿದರೆ ಮನೆಯ ಮದುವೆ ನಡೆಯುತ್ತಿತ್ತು. ಸೀಮೆ ಹಸುವಿನ ಗಂಡು ಕರುವಿಗೆ ಈ ಯಾವ ಬೆಲೆಯೂ ಇಲ್ಲ. ನೊಗ ಕೂರಲು ಹಿಣಿಲಿಲ್ಲ, ಬಿಸಿಲಿನಲ್ಲಿ ದುಡಿಯುವ ಮೈಯಿಲ್ಲ. ಉಳುಮೆಗೆ ಟ್ರ್ಯಾಕ್ಟರ್, ಟಿಲ್ಲರ್ ಬಂದಿವೆ. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಆ ಕರುವಿಗೆ ಹಾಲು ಬಿಟ್ಟರೆ ಡೇರಿಗೆ ಹಾಕುವ ಹಾಲು ಕಡಿಮೆ, ಬಿಡದಿದ್ದರೆ ಕರು ಸಾಯುತ್ತದೆ. ಗೋಹತ್ಯೆ ನಿಷೇಧದ ಹೊಸ ಕಾಯ್ದೆಯನ್ನು 2020ರ ಡಿಸೆಂಬರಿನಲ್ಲಿ ವಿಧಾನಸಭೆ ಅಂಗೀಕರಿಸಿ, 2021ರಲ್ಲಿ ಅದು ಜಾರಿಗೆ ಬಂದ ಮೇಲೆ ಕರುವನ್ನಾಗಲಿ ಹಾಲು ಬತ್ತಿದ ಹಸುವನ್ನಾಗಲಿ ಮಾರುವ ಹಳೆಯ ದಾರಿ ಮುಚ್ಚಿತು. ತಪ್ಪಿತಸ್ಥರಿಗೆ ಮೂರರಿಂದ ಏಳು ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಕಾಯ್ದೆ ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಈ ಬರಹದ ಪ್ರಶ್ನೆ ಖರ್ಚಿನದು. ದನವನ್ನು ಸಾಯುವ ತನಕ ಸಾಕಬೇಕೆಂದು ರಾಜ್ಯ ತೀರ್ಮಾನಿಸಿದರೆ ಸಾಕುವ ಖರ್ಚೂ ರಾಜ್ಯದ್ದೇ. ಒಂದೂವರೆ ಎಕರೆಯವರ ಮೇಲೆ ಆ ಭಾರ ಹೊರಿಸಿ ಪುಣ್ಯವನ್ನು ತಾನು ಪಡೆಯುವುದು ನ್ಯಾಯವಲ್ಲ. ಜಿಲ್ಲೆಗೊಂದು ಗೋಶಾಲೆ ಎಂಬ ಆಶ್ವಾಸನೆ ಪರಿಹಾರವೂ ಅಲ್ಲ. ಒಂದು ಜಿಲ್ಲೆಯಲ್ಲಿ ಒಂದು ವರ್ಷಕ್ಕೆ ಹುಟ್ಟುವ ಗಂಡು ಕರುಗಳನ್ನು ಕಟ್ಟಲು ಒಂದು ಗೋಶಾಲೆಯ ಗೂಟಗಳು ಎಲ್ಲಿ ಸಾಕು?

ಇದಕ್ಕೆ ಮದ್ದು ಇಲ್ಲದಿಲ್ಲ. ಲಿಂಗ ನಿರ್ಧರಿತ ವೀರ್ಯ ಬಳಸಿದರೆ ಹತ್ತರಲ್ಲಿ ಒಂಬತ್ತು ಹೆಣ್ಣು ಕರು ಹುಟ್ಟುತ್ತವೆ. ಇದು ಈಗ ಪ್ರಯೋಗಾಲಯದ ಮಾತಲ್ಲ, ನಳಿಕೆ ಸಿಗುತ್ತಿದೆ, ಸಬ್ಸಿಡಿಯೂ ಇದೆ. ಆದರೆ ಅದು ಸಾಮಾನ್ಯ ನಳಿಕೆಗಿಂತ ದುಬಾರಿ, ಗಬ್ಬ ನಿಲ್ಲುವ ಪ್ರಮಾಣವೂ ತುಸು ಕಡಿಮೆ. ಒಂದು ಸಲ ನಿಲ್ಲದಿದ್ದರೆ ಇನ್ನೊಂದು ಸಲದ ದುಡ್ಡು ಯಾರದು ಎಂಬ ಲೆಕ್ಕದಲ್ಲಿ ಸಣ್ಣವರು ಹಿಂದೆ ಸರಿಯುತ್ತಾರೆ, ದೊಡ್ಡ ಫಾರಂನವರು ಮುಂದೆ ಬರುತ್ತಾರೆ. ಹೀಗೆ ಸಬ್ಸಿಡಿ ಯಾರಿಗೆ ಬೇಕೋ ಅವರನ್ನು ಬಿಟ್ಟು ಬೇರೆಯವರ ಮನೆ ಸೇರುತ್ತದೆ. ಮೂರು ಹಸುವಿಗಿಂತ ಕಡಿಮೆ ಇರುವ ಪ್ರತಿ ಸದಸ್ಯರಿಗೂ ಈ ನಳಿಕೆಯನ್ನು ಸಾಮಾನ್ಯ ನಳಿಕೆಯ ದರದಲ್ಲೇ, ಗಬ್ಬ ನಿಲ್ಲುವ ತನಕ ಕೊಡಬೇಕು. ಕಾಯ್ದೆ ಮಾಡಿದ ಸರ್ಕಾರವೇ ಅದರ ಖರ್ಚು ಹೊರಬೇಕು. ನಮ್ಮ ಬೇಡಿಕೆಗಳಲ್ಲಿ ಇದು ಎಲ್ಲಕ್ಕಿಂತ ತುರ್ತಿನದು.

ಸೀಮೆ ಹಸುವನ್ನೇ ಬಿಟ್ಟು ನಾಟಿಗೆ ಮರಳಿ ಎಂದು ಬೋಧಿಸುವವರಿಗೆ ಒಂದು ಮಾತು. ಹಳ್ಳಿಕಾರ್ ಉಳಿಯಬೇಕು, ಅದರಲ್ಲಿ ನಮಗೆ ಅನುಮಾನವಿಲ್ಲ. ಅರ್ಧರಕ್ತದ ಒಳ್ಳೆಯ ಹಸು ಮುಂದೆಯೂ ಬೇಕೆಂದರೆ ಅಮ್ಮನ ಕಡೆಯ ಆ ಅರ್ಧ ಎಲ್ಲಿಂದ ಬರಬೇಕು? ಹಳ್ಳಿಕಾರ್ ಹೋದರೆ ಮಿಶ್ರತಳಿಯೂ ಹೋಗುತ್ತದೆ. ಆದರೆ ಅದನ್ನು ಉಳಿಸುವ ಹೊಣೆ ಬಡವರ ಹಟ್ಟಿಯದಲ್ಲ. ಪಟ್ಟಣದಲ್ಲಿ ನಾಟಿ ಹಾಲಿಗೆ ಬಾಟಲಿಯ ಲೆಕ್ಕದಲ್ಲಿ ದುಬಾರಿ ದರ ಕೊಡುವ ಗಿರಾಕಿ ಬಂಡೂರಿನ ಡೇರಿ ಬಾಗಿಲಿಗೆ ಬರುವುದಿಲ್ಲ. ಹಳ್ಳಿಕಾರ್ ಸಾಕುವವರಿಗೆ ಹಸುವಿನ ಲೆಕ್ಕದಲ್ಲಿ ವರ್ಷಕ್ಕಿಷ್ಟು ಎಂದು ನೇರ ನೆರವು ಕೊಡಲಿ, ಒಳ್ಳೆಯ ಹೋರಿಗಳನ್ನು ಗುರುತಿಸಿ ವೀರ್ಯ ಸಂಗ್ರಹಿಸಲಿ. ರಾಷ್ಟ್ರೀಯ ಗೋಕುಲ ಮಿಷನ್ 2014ರಿಂದ ಇದೆ. ಅದರ ಹಣ ಜಾತ್ರೆಯ ವೇದಿಕೆಗಿಂತ ಸಾಕುವವರ ಹಟ್ಟಿಗೆ ತಲುಪಲಿ.

ಹಾಲಿನ ದರದ ವಿಷಯದಲ್ಲೂ ಒಕ್ಕೂಟ ಕನ್ನಡಿ ನೋಡಿಕೊಳ್ಳಬೇಕು. ಡೇರಿಯ ಕಟ್ಟೆಯ ಮೇಲೆ 3.5 ಫ್ಯಾಟು, 8.5 ಎಸ್‌ಎನ್‌ಎಫ್ (ಕೊಬ್ಬಲ್ಲದ ಗಟ್ಟಿ ಅಂಶ) ಎಂಬ ಅಳತೆಗೆ ಒಂದು ಗೀರು ಕಡಿಮೆ ಬಿದ್ದರೂ ಹೆಂಗಸರ ಕ್ಯಾನಿನ ಹಾಲಿಗೆ ದರ ಕತ್ತರಿಸುತ್ತಾರೆ. ವಿದೇಶಿ ರಕ್ತ ಹೆಚ್ಚಿದಷ್ಟೂ ಹಾಲಿನ ಪ್ರಮಾಣ ಹೆಚ್ಚಿ ಗಟ್ಟಿ ಅಂಶ ಇಳಿಯುವುದು ಸಹಜ. ಆ ರಕ್ತವನ್ನು ಹೆಚ್ಚಿಸಿದ್ದು ವೀರ್ಯ ಒದಗಿಸಿದ ವ್ಯವಸ್ಥೆ, ದಂಡ ತೆರುವುದು ಹಾಲು ಹಾಕಿದವರು. ಇತ್ತ 2021ರಲ್ಲಿ ಹಾಲು ತರುವ ಟ್ಯಾಂಕರುಗಳಲ್ಲಿ ನೀರು ಬೆರೆಸುತ್ತಿದ್ದ ಹಗರಣ ಮನ್‌ಮುಲ್‌ನಲ್ಲೇ ಬಯಲಾಗಿ ಇಡೀ ರಾಜ್ಯಕ್ಕೆ ಗೊತ್ತಾಯಿತು. ರೈತರ ಲೋಟಕ್ಕೆ ಅಷ್ಟು ಬಿಗಿಯಾದ ಅಳತೆ ಇಟ್ಟವರು ತಮ್ಮ ಟ್ಯಾಂಕರಿಗೆ ಏನು ಅಳತೆ ಇಟ್ಟಿದ್ದರು? ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 5 ರೂಪಾಯಿಗೆ ಏರಿದೆ. ಒಳ್ಳೆಯದೇ. ಆದರೆ ಅದು ತಿಂಗಳುಗಟ್ಟಲೆ ಬಾಕಿ ಬೀಳುವುದು ರೂಢಿಯಾಗಿದೆ. ಪಶು ಆಹಾರದ ಮೂಟೆಯ ದುಡ್ಡು ಮಾತ್ರ ಬಟವಾಡೆಯಲ್ಲಿ ಅಂದೇ ಮುರಿದುಕೊಳ್ಳುತ್ತಾರೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿಸಿದಾಗ ಅಷ್ಟೂ ಹಣ ಉತ್ಪಾದಕರಿಗೆ ಎಂದು ಸರ್ಕಾರ ಮಾತು ಕೊಟ್ಟಿತು. ಆ ಮಾತನ್ನು ಪ್ರತಿ ಸಂಘದ ಪಾಸ್‌ಬುಕ್ಕಿನಲ್ಲಿ ಪರೀಕ್ಷಿಸಬೇಕು.

ಪಶುವೈದ್ಯರ ಕೊರತೆ ಎಲ್ಲರಿಗೂ ತಿಳಿದದ್ದೇ. ಸಹಾಯವಾಣಿ 1962ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ ಎಂಬ ಏರ್ಪಾಡು ಒಳ್ಳೆಯದು, ಆದರೆ ಕರು ಅಡ್ಡ ಸಿಕ್ಕಿಕೊಂಡ ರಾತ್ರಿ ಎರಡು ಗಂಟೆಗೆ ಪಕ್ಕದೂರಿನಲ್ಲಿ ವೈದ್ಯರೇ ಇರಬೇಕು. ಖಾಲಿ ಹುದ್ದೆ ತುಂಬುವುದಕ್ಕೆ ಇನ್ನೂ ನೆಪ ಹೇಳುವವರ ಮಾತನ್ನು ಕೇಳುವ ತಾಳ್ಮೆ ಮುಗಿದಿದೆ.

ನಮ್ಮ ತೀರ್ಪು ಹೀಗಿದೆ. ಮಿಶ್ರತಳಿ ಸೋತಿಲ್ಲ, ಅದನ್ನು ನಡೆಸಿದ ಆಡಳಿತ ಸೋತಿದೆ. ಪಶುಸಂಗೋಪನಾ ಇಲಾಖೆ, ಕೆಎಂಎಫ್ ಮತ್ತು ಮನ್‌ಮುಲ್ ಮೂವರೂ ಇದಕ್ಕೆ ಹೊಣೆ. ಹಾಲಿನ ಪ್ರಮಾಣವನ್ನೇ ಸಾಧನೆ ಎಂದು ವರದಿಯಲ್ಲಿ ಬರೆದುಕೊಂಡ ಇವರು, ಆ ಹಾಲು ಕೊಡುವ ಹಸು ಎಷ್ಟು ಸೂಲು ಬದುಕಿತು, ಎಷ್ಟು ತಿಂಗಳಿಗೊಮ್ಮೆ ಕರು ಹಾಕಿತು, ಮನೆಯವರ ಸಾಲ ತೀರಿತೋ ಏರಿತೋ ಎಂದು ಬರೆಯಲಿಲ್ಲ. ಇನ್ನು ಮುಂದೆ ಹಸುವಿನ ತಳಿಚೀಟಿ ನೋಡದೆ ಯಾರೂ ವೀರ್ಯ ಹಾಕಕೂಡದು. ಚೀಟಿ ಇಲ್ಲದ ಹಸುವಿಗೆ ಒಕ್ಕೂಟದ ವೈದ್ಯರು ಮನೆಗೆ ಬಂದು ಅಂದಾಜು ಹಾಕಿ ಚೀಟಿ ಬರೆದುಕೊಡಬೇಕು. ಒಕ್ಕೂಟದ ವಾರ್ಷಿಕ ವರದಿಯಲ್ಲಿ ಹಾಲಿನ ಅಂಕಿಯ ಪಕ್ಕದಲ್ಲಿ ಗಬ್ಬ ನಿಂತ ಪ್ರಮಾಣ, ಸೂಲುಗಳ ನಡುವಿನ ಅಂತರ, ಸತ್ತ ಕರುಗಳ ಸಂಖ್ಯೆ ಅಚ್ಚಾಗಬೇಕು.

ಸಹಕಾರ ಸಂಘಗಳ ಕಾಯ್ದೆಯಂತೆ ಪ್ರತಿ ಹಾಲು ಉತ್ಪಾದಕರ ಸಂಘವೂ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ನಡೆಸಲೇಬೇಕು. ಬಂಡೂರಿನಿಂದ ಗೆಜ್ಜಲಗೆರೆಯವರೆಗೆ ಎಲ್ಲ ಸಂಘಗಳ ಸದಸ್ಯರು, ಅದರಲ್ಲೂ ಕರೆಯುವ ಕೈಯವರಾದ ಹೆಂಗಸರು, ಈ ವರ್ಷ ಸಹಿ ಮಾಡಿ ಸಿಹಿ ಪೊಟ್ಟಣ ತೆಗೆದುಕೊಂಡು ಎದ್ದು ಬರಬೇಡಿ. ನಿಮ್ಮ ಹಸುವಿನ ತಳಿಚೀಟಿಯನ್ನೂ ಹೆಣ್ಣು ಕರುವಿನ ನಳಿಕೆಯನ್ನೂ ಸಭೆಯಲ್ಲಿ ಎದ್ದು ನಿಂತು ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿಕೊಂಡ ಮೇಲೆಯೇ ಸಹಿ ಹಾಕಿ.